ಥಾಯ್ಲೆಂಡಿನ ಹಸಿರು ಮೂಲೆಗಳು: ಖಾವ್ ಸೋಕ್, ಡೋಯ್ ಇಂಥನೊನ್, ಖಾವ್ ಯಾಯ್, ಕಾಂಚನಬುರಿ – ನಿಮಗೆ ಯಾವುದು?

ಬ್ಯಾಂಕಾಕ್, ಪಟ್ಟಾಯ ಒಂದು ಸಲ ಮುಗಿಸಿ ಬಂದವರು ಎರಡನೇ ಸಲ ಕೇಳುವುದು ಹೆಚ್ಚುಕಡಿಮೆ ಒಂದೇ: ಮಾಲ್ ಬೇಡ, ಬೀಚೂ ಸಾಕು, ಹಸಿರಿನ ನಡುವೆ ನಾಲ್ಕು ದಿನ ಕಾಲು ಚಾಚಿ ಕೂತು ಬರಬೇಕು, ಎಲ್ಲಿಗೆ ಹೋಗೋದು? ಹುಡುಕಿದರೆ ಹೆಸರುಗಳಿಗೇನೂ ಬರವಿಲ್ಲ. ಎಲ್ಲದರ ಫೋಟೋದಲ್ಲೂ ಮಂಜು ಮುಸುಕಿದ ಬೆಟ್ಟ, ಅದರ ಮುಂದೆ ಒಂದು ಕಾಫಿ ಕಪ್. ಆ ಫೋಟೋ ಯಾವ ತಿಂಗಳಲ್ಲಿ ತೆಗೆದದ್ದು, ಅಲ್ಲಿಗೆ ಹೋಗಲು ಬಸ್ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ ಯಾರೂ ಬರೆದಿರುವುದಿಲ್ಲ.

ಆರಿಸುವಾಗ ನಾನು ನೋಡುವುದು ಮೂರು ಸಂಗತಿ. ರಜೆ ಯಾವ ತಿಂಗಳು ಎಂಬುದು ಮೊದಲು. ಜೊತೆಗೆ ಬರುವವರು ಯಾರು, ಗಾಡಿ ಓಡಿಸುವವರು ಯಾರು ಎಂಬುದು ಆಮೇಲೆ. ಕೊನೆಯದು ವಿಶೇಷವಾಗಿ ನಮ್ಮವರು ಕೇಳಿಕೊಳ್ಳಬೇಕಾದದ್ದು: ನಮ್ಮ ಕಡೆ ಇಲ್ಲದ್ದು ಅಲ್ಲಿ ಏನಿದೆ? ಕೊಡಗು, ಚಿಕ್ಕಮಗಳೂರು, ಆಗುಂಬೆಯ ಮಳೆಕಾಡು ಒಂದು ರಾತ್ರಿ ಬಸ್ಸಿನ ದೂರದಲ್ಲಿರುವವರು ವಿಮಾನ ಹತ್ತಿ ಹೋಗಿ ಇನ್ನೊಂದು ಕಾಫಿ ತೋಟದ ಹೋಮ್‌ಸ್ಟೇಯಲ್ಲಿ ಕೂರುವುದರಲ್ಲಿ ನನಗೆ ಅಂಥ ಅರ್ಥ ಕಾಣುವುದಿಲ್ಲ. ಯುರೋಪಿನವರು ಬರೆದ ಪಟ್ಟಿಗಳು ನಮಗೆ ಹೊಂದದೇ ಹೋಗುವುದೂ ಇದಕ್ಕೇ. ಅವರಿಗೆ ಬಿದಿರು ಮೆಳೆಯೂ ಹೊಸದು, ಜಲಪಾತವೂ ಹೊಸದು.

ರಜೆ ಯಾವಾಗ ಸಿಗುತ್ತದೆ?

ಥಾಯ್ಲೆಂಡಿನಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ತಂಪು, ಮಾರ್ಚಿಯಿಂದ ಮೇ ನಡುವಿನವರೆಗೆ ಬಿಸಿಲು, ಆಮೇಲೆ ಅಕ್ಟೋಬರ್‌ವರೆಗೆ ಮಳೆ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಇಡೀ ದೇಶಕ್ಕೆ ಇದನ್ನೇ ಹಿಡಿದು ಹೊರಟರೆ ಕೆಡುತ್ತದೆ. ಉತ್ತರದ ಚಿಯಾಂಗ್ ಮಾಯ್ ಸುತ್ತಮುತ್ತ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಹೊಲದ ಕೂಳೆಗೆ, ಕಾಡಿನ ತರಗೆಲೆಗೆ ಬೆಂಕಿ ಬೀಳುವ ಕಾಲ. ಗಡಿಯಾಚೆಯ ಮ್ಯಾನ್ಮಾರ್, ಲಾವೋಸ್ ಕಡೆಯ ಹೊಗೆಯೂ ಸೇರಿ ಕಣಿವೆಯಲ್ಲಿ ನಿಂತುಬಿಡುತ್ತದೆ. ಜಗತ್ತಿನ ಅತಿ ಮಲಿನ ಗಾಳಿಯ ನಗರಗಳ ದಿನದ ಪಟ್ಟಿಯಲ್ಲಿ ಚಿಯಾಂಗ್ ಮಾಯ್ ಮೊದಲ ಸ್ಥಾನಕ್ಕೆ ಬರುವುದು ಈ ವಾರಗಳಲ್ಲೇ. ಎದುರಿನ ಬೆಟ್ಟವೇ ಕಾಣುವುದಿಲ್ಲ, ಉಬ್ಬಸ ಇರುವವರಂತೂ ಆ ಕಡೆ ತಲೆ ಹಾಕಬಾರದು. ಅದೇ ಹೊತ್ತಿಗೆ ದಕ್ಷಿಣದ ಖಾವ್ ಸೋಕ್‌ನಲ್ಲಿ ಆಕಾಶ ತೊಳೆದಿಟ್ಟಂತೆ ಇರುತ್ತದೆ.

ಹಾಗಾಗಿ ಮಕ್ಕಳ ಏಪ್ರಿಲ್ ರಜೆಗೆ ಹೋಗುವುದಾದರೆ ದಕ್ಷಿಣ. ಏಪ್ರಿಲ್ 13ರಿಂದ 15ರವರೆಗೆ ಅವರ ಹೊಸವರ್ಷ, ಸೋಂಗ್‌ಕ್ರಾನ್. ಬ್ಯಾಂಕಾಕಿನ ಜನವೆಲ್ಲ ಊರಿಗೆ ಹೊರಡುವುದರಿಂದ ರೈಲು, ಬಸ್ಸು ಎರಡರಲ್ಲೂ ಜಾಗ ಸಿಗುವುದಿಲ್ಲ. ಆ ವಾರ ಬಿಟ್ಟು ಟಿಕೆಟ್ ಮಾಡಿ. ದಸರಾ ರಜೆಯಾದರೆ ಖಾವ್ ಯಾಯ್, ಕಾಂಚನಬುರಿ ಎರಡರ ಜಲಪಾತಗಳೂ ತುಂಬಿರುತ್ತವೆ, ಉತ್ತರದ ಬೆಟ್ಟದ ಗದ್ದೆಗಳಲ್ಲಿ ಭತ್ತ ಬಣ್ಣ ತಿರುಗುತ್ತಿರುತ್ತದೆ. ಕ್ರಿಸ್‌ಮಸ್ ರಜೆಗೆ ಎಲ್ಲ ಕಡೆ ಹವೆ ಚೆನ್ನ, ಜನವೂ ಜಾತ್ರೆ, ದರವೂ ಮೇಲೆ. ಜನವರಿ ಎರಡನೇ ವಾರದ ನಂತರ ರಜೆ ಹಾಕಬಲ್ಲವರೇ ಪುಣ್ಯವಂತರು.

ಖಾವ್ ಸೋಕ್: ನೀರಿನ ಮೇಲೊಂದು ರಾತ್ರಿ

ನನ್ನ ಓಟು ಇದಕ್ಕೇ ಎಂದು ಮೊದಲೇ ಹೇಳಿಬಿಡುತ್ತೇನೆ. ಸೂರತ್ ಥಾನಿ ಪ್ರಾಂತ್ಯದ ಈ ರಾಷ್ಟ್ರೀಯ ಉದ್ಯಾನ 1980ರಲ್ಲಿ ಆದದ್ದು. ಕಾಡು ಚೆನ್ನಾಗಿದೆ, ಆದರೆ ಹೋಗಬೇಕಾದ್ದು ಕಾಡಿಗಿಂತ ಅದರೊಳಗಿನ ಚಿಯಾವ್ ಲಾನ್ ಸರೋವರಕ್ಕೆ. ಸುಮಾರು 165 ಚದರ ಕಿಲೋಮೀಟರ್ ನೀರು, ಅದರ ನಡುವಿನಿಂದ ನೆಟ್ಟಗೆ ಮೇಲೆದ್ದ ಸುಣ್ಣದ ಕಲ್ಲಿನ ಗೋಡೆಗಳು. ಯಾಣದ ಭೈರವೇಶ್ವರ ಶಿಖರ ನೋಡಿದ್ದೀರಲ್ಲ, ಅಂಥದ್ದು ನೂರಾರು, ಬುಡಕ್ಕೆ ಹಸಿರು ನೀರು ಕಟ್ಟಿ ನಿಲ್ಲಿಸಿದ ಹಾಗೆ. ಇಂಥ ನೋಟ ನಮ್ಮ ಘಟ್ಟದಲ್ಲಿ ಇಲ್ಲ.

ನೀರು ತಾನಾಗಿ ನಿಂತದ್ದಲ್ಲ. 1987ರಲ್ಲಿ ಮುಗಿದ ರಾಚಪ್ರಫಾ ಅಣೆಕಟ್ಟು ವಿದ್ಯುತ್ತಿಗಾಗಿ ಕಟ್ಟಿದ್ದು. ಕಣಿವೆಯ ಹಳ್ಳಿಗಳು ಮುಳುಗಿದವು, ಜನ ಮೇಲಕ್ಕೆ ಎದ್ದು ಹೋದರು. ಲಿಂಗನಮಕ್ಕಿಯ ಕಥೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೀರು ಏರುತ್ತಿದ್ದಾಗ ನಡುಗಡ್ಡೆಗಳಾಗಿಹೋದ ಗುಡ್ಡಗಳ ಮೇಲೆ ಸಿಕ್ಕಿಬಿದ್ದ ಪ್ರಾಣಿಗಳನ್ನು ಹಿಡಿದು ಸಾಗಿಸುವ ಕೆಲಸಕ್ಕೆ ಸೂಬ್ ನಾಖಸಥಿಯನ್ ಎಂಬ ಅರಣ್ಯಾಧಿಕಾರಿ ಮುಂದಾಳಾಗಿದ್ದರು. ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು ಅವರ ತಂಡ ಹೊರತಂದಿತು. ಅಣೆಕಟ್ಟಿನಿಂದ ಆಗುವ ನಷ್ಟ ಹೀಗೆ ತುಂಬಿಬರುವಂಥದ್ದಲ್ಲ ಎಂಬುದು ಅವರಿಗೆ ಮನದಟ್ಟಾದದ್ದೂ ಅಲ್ಲೇ. ಆಮೇಲೆ ಅವರು ಇನ್ನೊಂದು ಅಣೆಕಟ್ಟಿನ ಯೋಜನೆಯನ್ನು ಬಲವಾಗಿ ವಿರೋಧಿಸಿದರು. 1990ರ ಸೆಪ್ಟೆಂಬರ್ 1ರಂದು ಹುವಾಯ್ ಖಾ ಖೇಂಗ್ ಅಭಯಾರಣ್ಯದಲ್ಲಿ, ತಾವು ಉಸ್ತುವಾರಿ ನೋಡುತ್ತಿದ್ದ ಕಾಡಿನಲ್ಲೇ, ಪ್ರಾಣ ಕಳೆದುಕೊಂಡರು. ಆ ಕಾಡು ಮರುವರ್ಷ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೋಣಿಯವರು ಇದನ್ನೆಲ್ಲ ಹೇಳುವುದಿಲ್ಲ, ಗೊತ್ತಿಟ್ಟುಕೊಂಡು ಹೋದರೆ ನೀರಿನಿಂದ ಮೇಲೆ ಚಾಚಿರುವ ಒಣ ಮರದ ತುದಿಗಳು ಬೇರೆಯೇ ಕಾಣುತ್ತವೆ.

ಬುಕ್ ಮಾಡುವಾಗ ಜನ ಎಡವುವುದು ಒಂದು ಕಡೆ: ಖಾವ್ ಸೋಕ್ ಹಳ್ಳಿ ಬೇರೆ, ಸರೋವರ ಬೇರೆ. ಎರಡರ ನಡುವೆ ರಸ್ತೆಯಲ್ಲಿ ಒಂದು ಗಂಟೆಯ ದಾರಿ. ಹಳ್ಳಿಯಲ್ಲಿ ರೂಮು ಮಾಡಿ ಕಿಟಕಿಯಿಂದ ಸರೋವರ ಕಾಣುತ್ತದೆಂದುಕೊಂಡರೆ ಇಲ್ಲ. ಅಣೆಕಟ್ಟಿನ ಪಕ್ಕದ ದೋಣಿಕಟ್ಟೆಗೆ ಹೋಗಿ, ಅಲ್ಲಿಂದ ಲಾಂಗ್‌ಟೇಲ್ ದೋಣಿಯಲ್ಲಿ ಅರ್ಧ ಮುಕ್ಕಾಲು ಗಂಟೆ ಒಳಗೆ ಹೋದರೆ ತೇಲುಮನೆಗಳು ಸಿಗುತ್ತವೆ. ದೋಣಿಯ ಬಾಡಿಗೆ ತಲೆಗಿಷ್ಟು ಅಂತಲ್ಲ, ಇಡೀ ದೋಣಿಗೆ ಇಷ್ಟು ಅಂತ. ಇಬ್ಬರೇ ಹೋದರೆ ದುಬಾರಿ, ಎಂಟು ಜನ ಸೇರಿದರೆ ಅಗ್ಗ. ಊಟ, ದೋಣಿ, ಗೈಡು ಎಲ್ಲ ಸೇರಿದ ಒಂದು ರಾತ್ರಿಯ ಪ್ಯಾಕೇಜುಗಳು ತಲೆಗೆ ಸುಮಾರು ಎರಡೂವರೆ ಸಾವಿರ ಬಾತ್‌ನಿಂದ ಶುರುವಾಗುತ್ತವೆ (ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಲೆಕ್ಕ ಹಾಕಿ).

ತೇಲುಮನೆ ಎಂದರೆ ಏನು ಸಿಗುತ್ತದೆ ಎಂಬುದು ಸ್ಪಷ್ಟವಿರಲಿ. ಕಡಿಮೆ ದರದ್ದಾದರೆ ಬಿದಿರಿನ ಅಟ್ಟಣೆಯಂಥ ನೆಲ, ಅದರ ಮೇಲೆ ತೆಳು ಹಾಸಿಗೆ, ಸೊಳ್ಳೆಪರದೆ. ಪಕ್ಕದ ಮನೆಯವರು ಮಗ್ಗುಲಾದರೂ ನಿಮ್ಮ ನೆಲ ಅಲುಗುತ್ತದೆ. ಶೌಚಾಲಯ ಹಲಗೆಯ ದಾರಿಯ ಕೊನೆಗೆ, ಎಲ್ಲರಿಗೂ ಸೇರಿ. ಕರೆಂಟು ಸಂಜೆಯಿಂದ ರಾತ್ರಿವರೆಗೆ ಜನರೇಟರಿನದು, ಫೋನಿಗೆ ಸಿಗ್ನಲ್ ಇಲ್ಲವೆಂದೇ ತಿಳಿಯಿರಿ. ಹೆಚ್ಚು ಕೊಟ್ಟರೆ ಒಳಗೇ ಬಾತ್‌ರೂಮು, ಫ್ಯಾನು, ಏಸಿವರೆಗೂ ಇದೆ. ಯಾವುದರಲ್ಲಿದ್ದರೂ ಬಾಗಿಲಿನಿಂದ ಎರಡು ಹೆಜ್ಜೆಗೆ ನೀರು, ಹಾಗಾಗಿ ನಡೆಯಲು ಕಲಿತ ಮಗು ಇರುವವರಿಗೆ ಇದು ಬೇಡ. ಮಂಡಿ ನೋವಿನ ಹಿರಿಯರಿಗೂ ದೋಣಿ ಹತ್ತಿ ಇಳಿಯುವುದು ಕಷ್ಟ.

ಬೆಳಗಿನ ಜಾವ ಗಿಬ್ಬನ್‌ಗಳು, ಅಂದರೆ ಬಾಲವಿಲ್ಲದ ಉದ್ದ ಕೈಯ ವಾನರಗಳು, ಕೂಗಲು ಶುರುಮಾಡುತ್ತವೆ. ಸಣ್ಣ ದನಿಯಲ್ಲಿ ಎಳೆದು ಎಳೆದು ಮೇಲಕ್ಕೇರಿ ಒಮ್ಮೆಲೇ ಬಿದ್ದುಹೋಗುವ ಆ ಕೂಗು ಬಂಡೆಗೆ ಬಡಿದು ಎರಡು ಸಲ ಕೇಳುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಸಿಂಗಳೀಕ ಉಂಟು, ಮುಸಿಯ ಉಂಟು, ಗಿಬ್ಬನ್ ಇಲ್ಲ. ಭಾರತದಲ್ಲಿ ಅವು ಇರುವುದು ಈಶಾನ್ಯದ ಕಾಡುಗಳಲ್ಲಿ ಮಾತ್ರ.

ಮೇಯಿಂದ ನವೆಂಬರಿನವರೆಗೆ ಇಲ್ಲಿ ಜಡಿಮಳೆ. ದಾರಿ ಜಾರುತ್ತದೆ, ಇಂಬಳ ನಮ್ಮ ಮಲೆನಾಡಿನಷ್ಟೇ ಧಾರಾಳ. ನಾಮ್ ತಾಲು ಎಂಬ ಗುಹೆಯೊಳಗೆ ತೊರೆಯಲ್ಲೇ ನಡೆದು ಹೋಗುವ ದಾರಿಯೊಂದಿದೆ. 2007ರ ಅಕ್ಟೋಬರ್‌ನಲ್ಲಿ ಅದರೊಳಗೆ ಹಠಾತ್ತನೆ ನೀರು ನುಗ್ಗಿ ಪ್ರವಾಸಿಗರು, ಗೈಡುಗಳು ಸತ್ತರು. ಮಳೆಗಾಲದಲ್ಲಿ ಯಾರು ಎಷ್ಟೇ ಕರೆದರೂ ಆ ಗುಹೆಗೆ ಇಳಿಯಬೇಡಿ.

ತಲುಪುವುದು ಸುಲಭ. ಫುಕೆಟ್ ವಿಮಾನ ನಿಲ್ದಾಣದಿಂದ ರಸ್ತೆಯಲ್ಲಿ ಎರಡೂವರೆ ಮೂರು ಗಂಟೆ, ಸೂರತ್ ಥಾನಿಯಿಂದ ಇನ್ನೂ ಹತ್ತಿರ. ಬೆಂಗಳೂರಿನಿಂದ ಫುಕೆಟ್‌ಗೆ ನೇರ ವಿಮಾನ ಸಿಕ್ಕಿದರೆ ಬ್ಯಾಂಕಾಕ್ ಮುಟ್ಟುವ ಅಗತ್ಯವೇ ಇಲ್ಲ.

ಡೋಯ್ ಇಂಥನೊನ್ ಮತ್ತು ಸುತ್ತಲ ಹಳ್ಳಿಗಳು

ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಹೋಗುವುದಾದರೆ ಉತ್ತರದ ಬೆಟ್ಟಗಳು ಖಾವ್ ಸೋಕ್‌ಗೆ ಸರಿಸಮ ನಿಲ್ಲುತ್ತವೆ. ಡೋಯ್ ಇಂಥನೊನ್ 2,565 ಮೀಟರ್, ಥಾಯ್ಲೆಂಡಿನ ಅತಿ ಎತ್ತರದ ಬೆಟ್ಟ. ನಮ್ಮ ಮುಳ್ಳಯ್ಯನಗಿರಿಗಿಂತ ಆರುನೂರು ಮೀಟರಿಗೂ ಹೆಚ್ಚು ಎತ್ತರ, ಆದರೂ ತುದಿವರೆಗೆ ಡಾಂಬರು ರಸ್ತೆ. ಚಿಯಾಂಗ್ ಮಾಯ್‌ನಿಂದ ಎರಡು ಗಂಟೆ. ತುದಿಯಲ್ಲಿ ಹೋಗಿ ನಿಂತರೆ ಸುತ್ತ ಮರ, ಒಂದು ಫಲಕ, ಫಲಕದ ಮುಂದೆ ಫೋಟೋಕ್ಕೆ ಸಾಲು. ನೋಟ ಬೇಕಾದರೆ ಸ್ವಲ್ಪ ಕೆಳಗೆ ಇಳಿದು ಜೋಡಿ ಪಗೋಡಗಳ ಕಡೆಗೆ ಹೋಗಬೇಕು. ರಾಜ ಭೂಮಿಬೋಲ್ ಮತ್ತು ರಾಣಿ ಸಿರಿಕಿತ್ ಅವರ ಅರವತ್ತನೇ ಹುಟ್ಟುಹಬ್ಬಗಳಿಗೆಂದು ಕಟ್ಟಿದವು ಅವು.

ನಡೆಯುವವರು ಬಿಡಬಾರದ್ದು ಕ್ಯೂ ಮೇ ಪಾನ್ ದಾರಿ. ಸುಮಾರು ಮೂರು ಕಿಲೋಮೀಟರ್ ಸುತ್ತು, ಪಾಚಿ ಹಿಡಿದ ಮರಗಳ ಕಾಡಿನಿಂದ ಹೊರಬಿದ್ದೊಡನೆ ಬೋಳು ಬೆಟ್ಟದ ಅಂಚು. ಜೊತೆಗೆ ಸ್ಥಳೀಯ ಹ್ಮಾಂಗ್ ಸಮುದಾಯದ ಗೈಡ್ ಇರಲೇಬೇಕು. ಮಳೆಗಾಲಕ್ಕೆ ಮುಚ್ಚಿ ನವೆಂಬರಿನಲ್ಲಿ ತೆರೆಯುತ್ತಾರೆ, ಆದ್ದರಿಂದ ದಸರಾಕ್ಕೆ ಹೋದವರಿಗೆ ಇದು ಸಿಗುವುದಿಲ್ಲ. ಡಿಸೆಂಬರ್, ಜನವರಿಯ ಬೆಳಗ್ಗೆ ತುದಿಯ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದೂ ಉಂಟು. ಅದನ್ನು ನೋಡಲು ಬ್ಯಾಂಕಾಕಿನ ಜನ ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಬರುತ್ತಾರೆ. ಸ್ವೆಟರ್ ಒಯ್ಯದೆ ಹೋದವರು ಹಲ್ಲು ಕಡಿಯುತ್ತಾ ನಿಲ್ಲಬೇಕಾಗುತ್ತದೆ.

ದಿನದ ಟೂರಿನಲ್ಲಿ ಬಂದು ಓಡಿಹೋಗುವ ಬದಲು ಬೆಟ್ಟದ ಅರ್ಧದಲ್ಲಿರುವ ಮೇ ಕ್ಲಾಂಗ್ ಲುವಾಂಗ್ ಎಂಬ ಕರೆನ್ ಬುಡಕಟ್ಟಿನ ಹಳ್ಳಿಯಲ್ಲಿ ಒಂದೆರಡು ರಾತ್ರಿ ಇರಿ. ಮೆಟ್ಟಿಲು ಗದ್ದೆ, ಪಕ್ಕದಲ್ಲಿ ತೊರೆ, ಗದ್ದೆಯ ಅಂಚಿಗೆ ಗುಡಿಸಲಿನಂಥ ರೂಮುಗಳು. ಅಕ್ಟೋಬರ್ ಕೊನೆಗೆ ಭತ್ತ ಹಣ್ಣಾಗಿ ಇಡೀ ಇಳಿಜಾರು ಹಳದಿಯಾಗಿರುತ್ತದೆ, ಡಿಸೆಂಬರಿಗೆ ಕೊಯ್ಲು ಮುಗಿದು ಬರೀ ಕೂಳೆ. ಫೋಟೋದಲ್ಲಿ ಕಂಡ ಹಸಿರು ಬೇಕೆಂದರೆ ಆಗಸ್ಟ್, ಸೆಪ್ಟೆಂಬರಿನಲ್ಲೇ ಹೋಗಬೇಕು, ಮಳೆ ಸಮೇತ. ಇಲ್ಲಿ ಅರಾಬಿಕಾ ಕಾಫಿಯೂ ಬೆಳೆಯುತ್ತಾರೆ. ಈ ಬೆಟ್ಟಗಳಲ್ಲಿ ಹಿಂದೆ ಬೆಳೆಯುತ್ತಿದ್ದ ಅಫೀಮಿನ ಬದಲಿಗೆ ಕಾಫಿ, ಹಣ್ಣು, ತರಕಾರಿ ಹಿಡಿಸಲು 1969ರಲ್ಲಿ ಶುರುವಾದ ರಾಜ ಯೋಜನೆಯ ಫಲ ಅದು. ಚಿಕ್ಕಮಗಳೂರಿನವರಿಗೆ ಕಾಫಿ ಗಿಡ ಏನು ಹೊಸದು ಅನ್ನಬಹುದು. ಗಿಡ ಹೊಸದಲ್ಲ, ಎಸ್ಟೇಟ್ ಇಲ್ಲದೆ, ನಾಲ್ಕಾರು ಗುಂಟೆಯ ಹಿಡುವಳಿಯಲ್ಲಿ ಮನೆಮನೆಯವರೂ ತಾವೇ ಹುರಿದು ತಾವೇ ಕುಡಿಸುವ ರೀತಿ ನೋಡುವಂಥದ್ದು.

ಚಿಯಾಂಗ್ ಮಾಯ್‌ಗೆ ಹತ್ತಿರವೇ, ಸುಮಾರು 50 ಕಿಲೋಮೀಟರಿನಲ್ಲಿ, ಮೇ ಕಾಂಪೋಂಗ್ ಎಂಬ ಇನ್ನೊಂದು ಹಳ್ಳಿ ಇದೆ. ಹುದುಗೆಬ್ಬಿಸಿದ ಚಹಾ ಎಲೆ ಅವರ ಹಳೇ ಕಸುಬು, ಈಗ ಊರಿಗೆ ಊರೇ ಸೇರಿ ಹೋಮ್‌ಸ್ಟೇ ನಡೆಸುತ್ತದೆ. ವಾರದ ದಿನಗಳಲ್ಲಿ ಸೊಗಸು. ಶನಿವಾರ, ಭಾನುವಾರ ಅದರ ಒಂದೇ ಒಂದು ಕಿರುದಾರಿಯಲ್ಲಿ ಕಾರುಗಳು ಕಚ್ಚಿಕೊಂಡು ನಿಂತಿರುತ್ತವೆ.

ಪಾಯ್ ಎಂಬ ಬೆಟ್ಟದೂರಿನ ಬಗ್ಗೆ ಎರಡು ಮಾತು ಸಾಕು. ಚಿಯಾಂಗ್ ಮಾಯ್‌ನಿಂದ 762 ತಿರುವು ಎಂದು ಟೀಶರ್ಟಿನ ಮೇಲೆಯೇ ಅಚ್ಚು ಹಾಕಿ ಮಾರುತ್ತಾರೆ, ವಾಂತಿಯ ಮಾತ್ರೆ ನುಂಗಿಯೇ ವ್ಯಾನ್ ಹತ್ತಿ. ಇಪ್ಪತ್ತೈದರ ಒಳಗಿನವರಿಗೆ ಇಷ್ಟವಾಗುತ್ತದೆ. ಗಲಾಟೆ ಬೇಡದವರು ಅದರ ಬದಲು ಲಾವೋಸ್ ಗಡಿಯ ನಾನ್ ಪ್ರಾಂತ್ಯಕ್ಕೆ ಹೋಗಲಿ. ಬ್ಯಾಂಕಾಕಿನ ಡೋನ್ ಮುವಾಂಗ್ ನಿಲ್ದಾಣದಿಂದ ಸಣ್ಣ ವಿಮಾನ ಇದೆ. ಪುವಾ ಕಡೆಯ ಗದ್ದೆಬಯಲು, ಬೆಟ್ಟದ ನಡುವೆ ಬಾವಿಯ ಉಪ್ಪುನೀರು ಕಾಸಿ ಉಪ್ಪು ತೆಗೆಯುವ ಬೋ ಕ್ಲುವಾ, ಎರಡೂ ಈಗಲೂ ಅವಸರವಿಲ್ಲದ ಜಾಗಗಳು. ಆದರೆ ಕಾರು ಇಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ.

ಖಾವ್ ಯಾಯ್: ಆನೆಗಾಗಿ ಹೋಗಬೇಡಿ

ಬ್ಯಾಂಕಾಕಿಗೆ ಹೇಗೂ ಹೋಗುತ್ತಿದ್ದೀರಿ, ಕೈಯಲ್ಲಿ ಎರಡು ಮೂರು ದಿನ ಮಾತ್ರ ಇದೆ ಎಂದರೆ ಉತ್ತರ ಸುಲಭ. 1962ರಲ್ಲಿ ಘೋಷಿಸಿದ ಥಾಯ್ಲೆಂಡಿನ ಮೊದಲ ರಾಷ್ಟ್ರೀಯ ಉದ್ಯಾನ ಇದು, ಎರಡು ಸಾವಿರ ಚದರ ಕಿಲೋಮೀಟರಿಗೂ ಮೀರಿದ ಕಾಡು. 2005ರಲ್ಲಿ ಸುತ್ತಲ ಕಾಡುಗಳೊಂದಿಗೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಬ್ಯಾಂಕಾಕಿನಿಂದ ಪಾಕ್ ಚೋಂಗ್ ಊರಿಗೆ ರೈಲು, ಬಸ್ಸು, ವ್ಯಾನು ಮೂರೂ ಉಂಟು, ಹೆಚ್ಚೆಂದರೆ ಮೂರು ಮೂರೂವರೆ ಗಂಟೆ.

ಕಾಡಾನೆ ಕಾಣಬಹುದು. ಕಬಿನಿ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ಹಿಂಡು ಹಿಂಡು ಆನೆ ನೋಡಿದವರು ಅದಕ್ಕಾಗಿ ಇಲ್ಲಿಗೆ ಬರಬೇಕಾಗಿಲ್ಲ. ಇಲ್ಲಿಯ ವಿಶೇಷ ಬೇರೆ: ಎರಡು ಜಾತಿಯ ಗಿಬ್ಬನ್‌ಗಳು ಒಂದೇ ಕಾಡಿನಲ್ಲಿವೆ, ದೊಡ್ಡ ಮಂಗಟ್ಟೆಗಳು ರೆಕ್ಕೆಯ ಸದ್ದು ಮಾಡುತ್ತಾ ತಲೆ ಮೇಲೇ ಹಾದುಹೋಗುತ್ತವೆ. ಉದ್ಯಾನದ ಹೊರಗೆ, ಪಾಕ್ ಚೋಂಗ್ ಕಡೆಯ ಗುಡ್ಡವೊಂದರ ಗುಹೆಯಿಂದ ಮುಸ್ಸಂಜೆಗೆ ಬಾವಲಿಗಳು ಲಕ್ಷಗಟ್ಟಲೆ ಹೊರಬೀಳುತ್ತವೆ. ಹೊಗೆಯ ಹಗ್ಗವೊಂದು ಆಕಾಶದಲ್ಲಿ ಬಿಚ್ಚಿಕೊಳ್ಳುತ್ತಲೇ ಹೋಗುತ್ತದೆ, ನಡುನಡುವೆ ಗಿಡುಗ ನುಗ್ಗಿದಾಗ ಅದು ತುಂಡಾಗಿ ಮತ್ತೆ ಕೂಡಿಕೊಳ್ಳುತ್ತದೆ. ಬರೀ ಅದನ್ನು ನೋಡಲೇ ಒಂದು ಸಂಜೆ ಇಟ್ಟುಕೊಳ್ಳಿ.

ತೊಂದರೆ ಇರುವುದು ಗಾಡಿಯದು. ಪಾಕ್ ಚೋಂಗ್‌ನಿಂದ ಬರುವ ಸೋಂಗ್‌ಥೇವ್, ಅಂದರೆ ಹಿಂದೆ ಎರಡು ಬೆಂಚು ಹಾಕಿದ ಪಿಕಪ್ಪು, ಉದ್ಯಾನದ ಗೇಟಿನ ಹತ್ತಿರಕ್ಕೇ ನಿಂತುಬಿಡುತ್ತದೆ. ಗೇಟಿನಿಂದ ಒಳಗೆ ಇನ್ನೂ ಹತ್ತಾರು ಕಿಲೋಮೀಟರ್ ಇದೆ, ಒಳಗೆ ಬಸ್ ಇಲ್ಲ. ಕಾರು ಬಾಡಿಗೆಗೆ ತೆಗೆದುಕೊಳ್ಳಿ, ಇಲ್ಲವೇ ಗೈಡ್ ಸಮೇತ ದಿನದ ಟೂರಿಗೆ ಸೇರಿ. ಮರದ ತುದಿಯ ಹಕ್ಕಿಯನ್ನು ದುರ್ಬೀನಿನಲ್ಲಿ ಹಿಡಿದು ತೋರಿಸುವವರು ಇದ್ದರೇ ಚೆನ್ನ. ಒಳಗಿನ ಶಿಬಿರದಲ್ಲಿ ಟೆಂಟು ಬಾಡಿಗೆಗೆ ಸಿಗುತ್ತದೆ. ರಾತ್ರಿ ಕಡವೆಗಳು ಟೆಂಟುಗಳ ನಡುವೆಯೇ ಮೇಯುತ್ತಾ ತಿರುಗುತ್ತವೆ, ತಿಂಡಿ ಹೊರಗಿಟ್ಟರೆ ಬೆಳಗ್ಗೆ ಇರುವುದಿಲ್ಲ.

ಉದ್ಯಾನದ ಹೊರಗಿನ ರಸ್ತೆಯುದ್ದಕ್ಕೂ ರೆಸಾರ್ಟು, ದ್ರಾಕ್ಷಿತೋಟ, ಇಟಲಿಯ ಹಳ್ಳಿಯಂತೆ ಕಟ್ಟಿದ ಅಂಗಡಿಸಾಲು. ಬ್ಯಾಂಕಾಕಿನವರಿಗೆ ವಾರಾಂತ್ಯದ ಮೋಜು ಅದು. ಥಾಯ್ಲೆಂಡಿಗೆ ಹೋಗಿ ನಕಲಿ ಇಟಲಿ ನೋಡುವ ಆಸೆ ನನಗಿಲ್ಲ, ಇದ್ದವರಿಗೆ ಮಕ್ಕಳೊಂದಿಗೆ ಅರ್ಧ ದಿನ ಕಳೆಯುತ್ತದೆ.

ಕಾಂಚನಬುರಿ: ಹಿರಿಯರು ಜೊತೆಗಿದ್ದರೆ

ಕಾರು ಬೇಡ, ವಿಮಾನ ಬೇಡ, ಅಪ್ಪ ಅಮ್ಮ ಜೊತೆಗಿದ್ದಾರೆ ಎಂದಾದರೆ ಇದು. ಬ್ಯಾಂಕಾಕಿನ ಥೋನ್‌ಬುರಿ ನಿಲ್ದಾಣದಿಂದ ದಿನಕ್ಕೆ ಎರಡು ರೈಲು, ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಫ್ಯಾನಿನ ಮೂರನೇ ದರ್ಜೆ, ವಿದೇಶಿಯರಿಗೆ ಟಿಕೆಟ್ 100 ಬಾತ್. ಕೊನೆಯ ನಿಲ್ದಾಣವಾದ ನಾಮ್ ಟೋಕ್ ಕಡೆ ಹೋಗುವಾಗ ಎಡಗಡೆ ಕೂರಿ. ಥಾಮ್ ಕ್ರಸೇ ಬಳಿ ಬಂಡೆಗೆ ಅಂಟಿಸಿದಂಥ ಮರದ ಸೇತುವೆಯ ಮೇಲೆ ರೈಲು ತೆವಳುತ್ತದೆ, ಕೆಳಗೆ ಕ್ವಾಯ್ ನೊಯ್ ನದಿ.

ಈ ಹಳಿ 1942–43ರಲ್ಲಿ ಜಪಾನಿ ಸೇನೆ ಬರ್ಮಾಕ್ಕೆಂದು ಹಾಕಿಸಿದ 415 ಕಿಲೋಮೀಟರ್ ಮಾರ್ಗದ ಉಳಿಕೆ. ಯುದ್ಧಕೈದಿಗಳು ಸುಮಾರು 12 ಸಾವಿರ ಮಂದಿ ಸತ್ತರು, ಏಷ್ಯಾದ ಕೂಲಿಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ಕೂಲಿಗಳಲ್ಲಿ ಮಲಯಾದ ರಬ್ಬರ್ ತೋಟಗಳಿಂದ ಎಳೆದು ತಂದ ತಮಿಳರದ್ದೇ ದೊಡ್ಡ ಪಾಲಿತ್ತು. ಊರಿನ ಯುದ್ಧ ಸ್ಮಶಾನದಲ್ಲಿ ಸುಮಾರು ಏಳು ಸಾವಿರ ಸೈನಿಕರ ಸಮಾಧಿಗಳು ಹೆಸರು ಸಮೇತ ಸಾಲಾಗಿವೆ. ಕೂಲಿಗಳಿಗೆ ಅಂಥ ಸಾಲಿಲ್ಲ. ವಿಹಾರಕ್ಕೆ ಬಂದವರು ಇದನ್ನು ನೋಡಲೇಬೇಕೆಂದಲ್ಲ, ಆದರೆ ರೈಲು ಹತ್ತುವವರಿಗೆ ಗೊತ್ತಿರಲಿ.

ಎರವಾನ್ ಜಲಪಾತ ಏಳು ಹಂತದ್ದು. ನೀರು ಸುಣ್ಣ ಬೆರೆತ ತಿಳಿನೀಲಿ, ಕಾಲು ಇಳಿಬಿಟ್ಟರೆ ಮೀನುಗಳು ಬಂದು ಮುತ್ತುತ್ತವೆ. ಮೊದಲ ಎರಡು ಹಂತಕ್ಕೆ ಹಿರಿಯರೂ ನಡೆದು ಹೋಗಬಹುದು, ಕೊನೆಯ ಹಂತಕ್ಕೆ ಏಣಿ, ಬಂಡೆ ಹತ್ತಬೇಕು. ಮಧ್ಯಾಹ್ನ ದಾಟಿದರೆ ಮೇಲಿನ ಹಂತಗಳಿಂದ ಜನರನ್ನು ಕೆಳಗಿಳಿಸಲು ಶುರುಮಾಡುತ್ತಾರೆ, ಹಾಗಾಗಿ ಬೆಳಗ್ಗೆಯೇ ಹೋಗಿ. ಇಲ್ಲೂ ನದಿಯ ಮೇಲೆ ತೇಲುವ ರೆಸಾರ್ಟುಗಳಿವೆ, ಖಾವ್ ಸೋಕ್‌ನವಕ್ಕಿಂತ ಹತ್ತಿ ಇಳಿಯಲು ಸುಲಭ. ಆದರೆ ಪಟ್ಟಣದ ಹತ್ತಿರದ್ದನ್ನು ಹಿಡಿಯಬೇಡಿ. ಶನಿವಾರ ರಾತ್ರಿ ಕರೋಕೆ ಹಾಡಿಕೊಂಡು ತೇಲಿಬರುವ ತೆಪ್ಪಗಳಿಂದ ನಿದ್ದೆ ಹಾಳು. ಸಾಯ್ ಯೋಕ್ ಕಡೆ ಮೇಲಕ್ಕೆ ಹೋದಷ್ಟೂ ಸದ್ದು ಕಡಿಮೆ.

ಕಾಂಚನಬುರಿ, ಚಿಯಾಂಗ್ ಮಾಯ್ ಎರಡೂ ಕಡೆ ಆನೆ ಶಿಬಿರಗಳ ಜಾಹೀರಾತು ತುಂಬ. ಸವಾರಿ, ಚಿತ್ರ ಬಿಡಿಸುವ ಆಟ ಇದ್ದರೆ ಬಿಟ್ಟುಬಿಡಿ, ಹೆಸರಿನಲ್ಲಿ ಅಭಯಾರಣ್ಯ ಎಂದಿದ್ದರೂ ಅಷ್ಟೇ.

ಊಟ, ಗಾಡಿ, ಕಾಗದ

ಸಸ್ಯಾಹಾರಿಗಳಿಗೆ ಬ್ಯಾಂಕಾಕಿಗಿಂತ ಹಳ್ಳಿಗಾಡು ಕಷ್ಟ. ತರಕಾರಿ ಪಲ್ಯದಂತೆ ಕಂಡದ್ದಕ್ಕೂ ಮೀನಿನ ಸಾಸ್ ಬಿದ್ದಿರುತ್ತದೆ, ಪಪ್ಪಾಯಿ ಕೋಸಂಬರಿಯಲ್ಲಿ ಒಣ ಸಿಗಡಿ ಇರುತ್ತದೆ. ಹಳದಿ ಬಾವುಟದ ಮೇಲೆ ಕೆಂಪಿನಲ್ಲಿ ‘ಜೇ’ ಎಂದು ಥಾಯ್ ಅಕ್ಷರ ಇರುವ ಅಂಗಡಿ ಹುಡುಕಿ. ಅದು ಚೀನೀ ಬೌದ್ಧರ ವ್ರತದ ಅಡುಗೆ, ಮಾಂಸ, ಮೀನು, ಮೊಟ್ಟೆ ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮಲ್ಲಿ ಈರುಳ್ಳಿ ಬಿಟ್ಟ ಮನೆಗಳವರಿಗೆ ಇದಕ್ಕಿಂತ ಅನುಕೂಲ ಇನ್ನೇನು? ಆ ಅಕ್ಷರದ ಚಿತ್ರವನ್ನು ಫೋನಿನಲ್ಲಿ ಇಟ್ಟುಕೊಂಡಿರಿ. ಹೋಮ್‌ಸ್ಟೇ, ತೇಲುಮನೆಗಳಿಗೆ ಹಿಂದಿನ ದಿನವೇ ತಿಳಿಸಿದರೆ ಮಾಡಿಕೊಡುತ್ತಾರೆ, ಅಲ್ಲಿಗೆ ಹೋಗಿ ಹೇಳಿದರೆ ಬಿಳಿ ಅನ್ನವೇ ಗತಿ. ಚಟ್ನಿಪುಡಿ, ಅವಲಕ್ಕಿ ಚೀಲದಲ್ಲಿರಲಿ.

ಅಲ್ಲೂ ನಮ್ಮಂತೆ ರಸ್ತೆಯ ಎಡಗಡೆಯೇ ಓಡಿಸುವುದರಿಂದ ಕಾರು ಕಷ್ಟವಿಲ್ಲ. ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡು ಹೋಗಿ. ಸ್ಕೂಟರ್ ಓಡಿಸುವುದಾದರೆ ಅದರಲ್ಲಿ ದ್ವಿಚಕ್ರಕ್ಕೂ ಮುದ್ರೆ ಇರಬೇಕು. ಇಲ್ಲದೆ ಬಿದ್ದರೆ ಪ್ರವಾಸ ವಿಮೆಯವರು ಆಸ್ಪತ್ರೆಯ ಬಿಲ್ಲು ಕಟ್ಟುವುದಿಲ್ಲ.

ಉದ್ಯಾನಗಳ ಪ್ರವೇಶಕ್ಕೆ ವಿದೇಶಿಯರಿಗೆ ಬೇರೆ ದರ: ಖಾವ್ ಯಾಯ್‌ಗೆ 400 ಬಾತ್, ಡೋಯ್ ಇಂಥನೊನ್, ಎರವಾನ್‌ಗೆ 300. ಸ್ಥಳೀಯರ ದರವನ್ನು ಎಷ್ಟೋ ಕಡೆ ಥಾಯ್ ಅಂಕಿಗಳಲ್ಲಿ ಬರೆದಿರುತ್ತಾರೆ, ನಮಗೆ ತಿಳಿಯದಿರಲಿ ಎಂದೋ ಏನೋ. ತಮಾಷೆಯೆಂದರೆ ಥಾಯ್ ಪ್ರವಾಸಿ ಹಂಪಿಗೆ ಬಂದರೆ ಬಿಮ್‌ಸ್ಟೆಕ್ (ಬಂಗಾಳ ಕೊಲ್ಲಿಯ ಸುತ್ತಲ ದೇಶಗಳ ಕೂಟ) ದೇಶದವನೆಂಬ ಲೆಕ್ಕದಲ್ಲಿ ನಮ್ಮದೇ ದರ ಕೊಡುತ್ತಾನೆ.

ಭಾರತೀಯರಿಗೆ 2024ರ ಜುಲೈನಲ್ಲಿ 60 ದಿನಗಳ ವೀಸಾ ರಿಯಾಯಿತಿ ಘೋಷಿಸಿದ್ದರು. ಈ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮುಂಚೆ ರಾಯಭಾರ ಕಚೇರಿಯ ತಾಣ ನೋಡಿಕೊಳ್ಳಿ. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ತುಂಬಬೇಕು, ಅದು ಉಚಿತ, ದುಡ್ಡು ಕೇಳುವ ತಾಣಗಳು ಸರ್ಕಾರದವಲ್ಲ. ಇನ್ನು ಬ್ಯಾಂಕಾಕಿಗೆ ಎರಡು ವಿಮಾನ ನಿಲ್ದಾಣ. ಬೆಂಗಳೂರಿನಿಂದ ಸುವರ್ಣಭೂಮಿಯಲ್ಲಿ ಇಳಿದು, ಚಿಯಾಂಗ್ ಮಾಯ್ ಅಥವಾ ಸೂರತ್ ಥಾನಿಯ ಅಗ್ಗದ ವಿಮಾನವನ್ನು ಡೋನ್ ಮುವಾಂಗ್‌ನಿಂದ ಹಿಡಿಯುವಂತೆ ಬುಕ್ ಮಾಡಿದ್ದರೆ ನಡುವೆ ನಾಲ್ಕು ಗಂಟೆಯಾದರೂ ಬಿಡಿ.